ಡಿಸ್ಕ್ ದೊಡ್ಡದಾಯಿತು, ಜಾಗ ಮಾತ್ರ ಅಷ್ಟೇ ಇದೆ

ನಾಲ್ಕು 2 ಟಿಬಿ ಡಿಸ್ಕ್‌ಗಳಿದ್ದ ಕಡೆ ಈಗ ನಾಲ್ಕು 4 ಟಿಬಿ ಡಿಸ್ಕ್‌ಗಳು ಬಂದು ಕೂತಿವೆ. ಹಳೆಯದನ್ನು ಒಂದೊಂದಾಗಿ ಬಿಚ್ಚಿ, ಹೊಸದನ್ನು ಹಾಕಿ, ಪ್ರತಿ ಸಲವೂ ಗಂಟೆಗಟ್ಟಲೆ ಕಾದು, ಅಂತೂ ಮುಗಿಯಿತು ಎಂದು ಸರ್ವರಿನ ಮುಂದೆ ಕೂತು 'ಡಿಎಫ್' ಎಂದು ಟೈಪ್ ಮಾಡಿದರೆ ಅದು ತೋರಿಸುವುದು ಅದೇ ಹಳೆಯ ಐದೂವರೆ ಟಿಬಿ. ದೋಷದ ಸಂದೇಶ ಇಲ್ಲ, ಕೆಂಪು ದೀಪ ಇಲ್ಲ, ಕಳೆದುಹೋದ ಕಡತವೂ ಇಲ್ಲ. ಎಲ್ಲವೂ ಚೆನ್ನಾಗಿದೆ, ದುಡ್ಡು ಕೊಟ್ಟು ತಂದ ಜಾಗ ಮಾತ್ರ ಎಲ್ಲೂ ಕಾಣುವುದಿಲ್ಲ.

ಇದು ಅದೃಷ್ಟವಂತರ ತೊಂದರೆ. ಇನ್ನು ಕೆಲವರಿಗೆ ಮೂರನೆಯ ಡಿಸ್ಕ್ ಬದಲಿಸುವ ಹೊತ್ತಿಗೆ ಮೊದಲನೆಯದು ಅರೇಯಿಂದ, ಅಂದರೆ ಡಿಸ್ಕ್‌ಗಳ ಜೋಡಣೆಯಿಂದ, ಹೊರಬಿದ್ದಿರುತ್ತದೆ. ಕೆಲವರ ಯಂತ್ರ ಬೂಟ್ ಆಗುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಬಂದು ಕೂತು, ಏನನ್ನೂ ಮುಟ್ಟದೆ, ಅರ್ಧ ಗಂಟೆ ಬರೀ ಓದುವ ಜನರಿದ್ದಾರೆ. ಆ ಓದುವ ಕಸುಬಿನ ಬಗ್ಗೆ ಈ ಲೇಖನ. ಹೊರಗಿನವರಿಗೆ ಅದು ಏನೂ ಮಾಡದೆ ಕೂತಂತೆ ಕಾಣುತ್ತದೆ. ಆದರೆ ಸಾಫ್ಟ್‌ವೇರ್ ರೇಡ್‌ನ ದುರಸ್ತಿಯಲ್ಲಿ ನಿಜವಾದ ಕೆಲಸವೆಲ್ಲ ಆ ಅರ್ಧ ಗಂಟೆಯಲ್ಲೇ ಇದೆ. ಆಮೇಲೆ ಟೈಪ್ ಮಾಡುವುದು ಎರಡೋ ಮೂರೋ ಸಾಲು.

ರೇಡ್ ಎಂಬ ಕಲ್ಪನೆಗೆ ಹೆಸರು ಕೊಟ್ಟದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ 1988ರಲ್ಲಿ ಮಂಡಿಸಿದ ಪ್ರಬಂಧ. ದುಬಾರಿಯಾದ ಒಂದೇ ದೊಡ್ಡ ಡಿಸ್ಕ್‌ನ ಬದಲು ಅಗ್ಗದ ಹಲವು ಸಣ್ಣ ಡಿಸ್ಕ್‌ಗಳನ್ನು ಜೋಡಿಸಿ, ಅವುಗಳಲ್ಲೊಂದು ಸತ್ತರೂ ಮಾಹಿತಿ ಉಳಿಯುವಂತೆ ಮಾಡಬಹುದು ಎಂಬುದು ಅವರ ವಾದ. ಈ ಜೋಡಣೆಗೆ ಬೇರೆಯೇ ಒಂದು ಕಾರ್ಡ್ ಹಾಕಿದರೆ ಅದು ಹಾರ್ಡ್‌ವೇರ್ ರೇಡ್. ಆಪರೇಟಿಂಗ್ ಸಿಸ್ಟಮ್ಮೇ ಆ ಕೆಲಸ ಮಾಡಿದರೆ ಸಾಫ್ಟ್‌ವೇರ್ ರೇಡ್. ಲಿನಕ್ಸ್‌ನಲ್ಲಿ ಅದನ್ನು ಮಾಡುವುದು ಕರ್ನೆಲ್ ಒಳಗಿನ ಎಂಡಿ ಎಂಬ ಚಾಲಕ. ಅದರೊಡನೆ ನಾವು ಮಾತಾಡುವುದು ಎಂಡಿಎಡಿಎಂ ಎಂಬ ಸಾಧನದ ಮೂಲಕ. ಇದನ್ನು ಬರೆದವರು ಆಸ್ಟ್ರೇಲಿಯಾದ ನೀಲ್ ಬ್ರೌನ್. ಚಿಕ್ಕ ಕಚೇರಿಗಳ ಕಡತ ಸರ್ವರ್‌ಗಳಲ್ಲಿ, ಮದುವೆ ಫೋಟೋ ತೆಗೆಯುವವರ ಸ್ಟುಡಿಯೋಗಳಲ್ಲಿ, ಮನೆಯ ಮೂಲೆಯ ನ್ಯಾಸ್ ಡಬ್ಬಿಗಳಲ್ಲಿ ಸದ್ದಿಲ್ಲದೆ ದುಡಿಯುತ್ತಿರುವುದು ಹೆಚ್ಚಾಗಿ ಇದೇ.

ಮೊದಲು ಹೇಳಿದ ನಾಲ್ಕು ಡಿಸ್ಕ್‌ಗಳ ಜೋಡಣೆ ರೇಡ್ 5 ಎಂಬ ಬಗೆಯದು. ಅದರ ಲೆಕ್ಕ ಶಾಲೆಯ ಹುಡುಗರಿಗೂ ತಿಳಿಯುವಂಥದ್ದು. ಮೂರು ಡಿಸ್ಕ್‌ಗಳಲ್ಲಿ ಒಂದೇ ಸ್ಥಾನದ ಬಿಟ್‌ಗಳನ್ನು ತೆಗೆದುಕೊಳ್ಳಿ: 1, 0, 1. ಒಂದುಗಳ ಸಂಖ್ಯೆ ಸಮವಾಗಿದ್ದರೆ ನಾಲ್ಕನೆಯದರಲ್ಲಿ 0 ಬರೆಯಿರಿ, ಬೆಸವಾಗಿದ್ದರೆ 1. ಇಲ್ಲಿ 0. ಈಗ ಎರಡನೆಯ ಡಿಸ್ಕ್ ಸತ್ತಿತೆನ್ನಿ. ಉಳಿದದ್ದು 1, 1, 0. ಒಂದುಗಳು ಸಮವಾಗಿರುವುದರಿಂದ ಕಳೆದದ್ದು 0 ಆಗಿರಲೇಬೇಕು. ಈ ಹೆಚ್ಚುವರಿ ಬಿಟ್ಟಿಗೆ ಪ್ಯಾರಿಟಿ ಎನ್ನುತ್ತಾರೆ. ಒಂದೇ ಡಿಸ್ಕ್‌ನ ಮೇಲೆ ಭಾರ ಬೀಳದಂತೆ ಪ್ಯಾರಿಟಿ ನಾಲ್ಕೂ ಡಿಸ್ಕ್‌ಗಳಲ್ಲಿ ಸರದಿಯ ಮೇಲೆ ತಿರುಗುತ್ತದೆ. ಎರಡು ಡಿಸ್ಕ್ ಒಟ್ಟಿಗೆ ಹೋದರೆ ಲೆಕ್ಕ ಮುರಿಯುತ್ತದೆ. ಡಿಸ್ಕ್ ಬದಲಿಸುವ ಕೆಲಸದ ಭಯವೆಲ್ಲ ಇರುವುದು ಇಲ್ಲೇ: ಹಳೆಯದೊಂದನ್ನು ಕೈಯಾರೆ ಹೊರತೆಗೆದ ಕ್ಷಣದಿಂದ ಹೊಸದು ತುಂಬುವವರೆಗೆ ಮತ್ತೊಂದು ಡಿಸ್ಕ್ ಹೋಗುವಂತಿಲ್ಲ. ನಾಲ್ಕು ಡಿಸ್ಕ್ ಬದಲಿಸಬೇಕೆಂದರೆ ಈ ಅಪಾಯವನ್ನು ನಾಲ್ಕು ಸಲ ದಾಟಬೇಕು.

ದಾಟದೆಯೂ ಮಾಡಬಹುದು. 2012ರಲ್ಲಿ ಬಂದ ಲಿನಕ್ಸ್ 3.3ರಿಂದ 'ರಿಪ್ಲೇಸ್' ಎಂಬ ಸೌಲಭ್ಯವಿದೆ. ಹಳೆಯ ಡಿಸ್ಕ್ ಇನ್ನೂ ಅರೇಯಲ್ಲೇ ಇರುವಾಗ ಅದರ ನಕಲನ್ನು ಹೊಸದಕ್ಕೆ ಇಳಿಸಿ, ಇಳಿಸಿ ಮುಗಿದ ಮೇಲೆ ಹಳೆಯದಕ್ಕೆ ರಜೆ ಕೊಡುವ ವಿಧಾನ ಇದು. ಹಳೆಯದರಲ್ಲಿ ಎಲ್ಲೋ ಒಂದು ಸೆಕ್ಟರ್ ಓದಲು ಬಾರದಿದ್ದರೆ ಆ ಒಂದನ್ನು ಮಾತ್ರ ಉಳಿದ ಮೂರರಿಂದ ಲೆಕ್ಕ ಹಾಕಿ ತುಂಬುತ್ತದೆ. ಬೇಕಾಗಿರುವುದು ಒಂದು ಖಾಲಿ ಸಾಟಾ ಪೋರ್ಟ್. ಈ ಸೌಲಭ್ಯ ಇದೆಯೆಂದು ಗೊತ್ತಿಲ್ಲದೆ 'ಫೇಲ್' ಮಾಡಿ, 'ರಿಮೂವ್' ಮಾಡಿ, 'ಆ್ಯಡ್' ಮಾಡುವ ಹಳೆಯ ಪದ್ಧತಿಯನ್ನೇ ಹಿಡಿದವರು ಇವತ್ತಿಗೂ ಬಹಳ. ನನಗಂತೂ ಆ ಪದ್ಧತಿ ಅನಗತ್ಯ ಸಾಹಸ.

ಈಗ ಕಾಣದ ಜಾಗದ ಸಂಗತಿ. ಕಡತಗಳ ಕೆಳಗೆ ಫೈಲ್ ಸಿಸ್ಟಮ್, ಅದರ ಕೆಳಗೆ ಹಲವು ಕಡೆ ಎಲ್‌ವಿಎಂ, ಅದರ ಕೆಳಗೆ ಎಂಡಿ ಅರೇ, ಅದರ ಕೆಳಗೆ ಪಾರ್ಟಿಷನ್, ಎಲ್ಲಕ್ಕೂ ಕೆಳಗೆ ಡಿಸ್ಕ್. ತಳಪಾಯ ಅಗಲಿಸಿದ ಮಾತ್ರಕ್ಕೆ ಮೇಲಿನ ಮಹಡಿಗಳು ತಾವಾಗಿ ಅಗಲವಾಗುವುದಿಲ್ಲ, ಇಲ್ಲೂ ಹಾಗೆಯೇ. ಕೆಳಗಿನದು ಬೆಳೆದ ಸುದ್ದಿ ಮೇಲಿನದಕ್ಕೆ ಯಾರಾದರೂ ಹೇಳಬೇಕು, ಅದೂ ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ. ಅರೇಗೆ 'ಗ್ರೋ' ಎಂದು ಹೇಳಿ ಗಾತ್ರ 'ಮ್ಯಾಕ್ಸ್' ಎಂದು ಕೊಟ್ಟರೆ ಅದು ತನ್ನ ಪಾಲಿಗೆ ಸಿಕ್ಕಷ್ಟು ಹಿಗ್ಗುತ್ತದೆ, ಹೊಸ ಭಾಗದ ಪ್ಯಾರಿಟಿ ತುಂಬಲು ಮತ್ತೆ ಸಿಂಕ್ ಶುರು ಮಾಡುತ್ತದೆ. ಆಮೇಲೆ ಎಲ್‌ವಿಎಂ ಇದ್ದರೆ ಅದನ್ನು, ಕೊನೆಗೆ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಅನ್ನು ಹಿಗ್ಗಿಸಬೇಕು. ಇದನ್ನು ಮರೆತವರೇ ಹೆಚ್ಚು. ಅವರ ತೊಂದರೆ ಐದು ನಿಮಿಷದ್ದು.

ಆದರೆ 'ಗ್ರೋ' ಕೊಟ್ಟ ಮೇಲೂ ಅರೇ ಒಂದಿಂಚು ಬೆಳೆಯಲಿಲ್ಲ ಎನ್ನಿ. ಓದಲು ಬಲ್ಲವರು ಇಲ್ಲಿ ನೋಡುವುದು ಎರಡು ಸಂಖ್ಯೆಗಳನ್ನು. ಪ್ರತಿಯೊಂದು ಡಿಸ್ಕ್ ಅಥವಾ ಪಾರ್ಟಿಷನ್ನಿನ ಮೇಲೆ ಎಂಡಿ ಒಂದು ಸಣ್ಣ ದಾಖಲೆ ಬರೆದಿಟ್ಟಿರುತ್ತದೆ, ಅದೇ ಸೂಪರ್‌ಬ್ಲಾಕ್. 'ಎಕ್ಸಾಮಿನ್' ಎಂದರೆ ಅದನ್ನು ಓದಿ ಹೇಳುತ್ತದೆ. ಅದರಲ್ಲಿ 'ಅವೇಲ್ ಡೆವ್ ಸೈಜ್' ಎಂದರೆ ಈ ಡಿಸ್ಕ್‌ನಲ್ಲಿ ಅರೇಗೆ ಸಿಗಬಲ್ಲ ಜಾಗ, 'ಯೂಸ್ಡ್ ಡೆವ್ ಸೈಜ್' ಎಂದರೆ ಅರೇ ನಿಜವಾಗಿ ಬಳಸುತ್ತಿರುವ ಜಾಗ. ಮೊದಲನೆಯದು 4 ಟಿಬಿ, ಎರಡನೆಯದು 2 ಟಿಬಿ ಎಂದಿದ್ದರೆ ತಡೆ ಇರುವುದು ಅರೇಯಲ್ಲಿ. ಎರಡೂ 2 ಟಿಬಿ ಎಂದಿದ್ದರೆ ಅರೇಯನ್ನು ಬೈದು ಫಲವಿಲ್ಲ. ಕೆಳಗಿನ ಪದರವೇ ಅದಕ್ಕೆ ಅಷ್ಟು ಜಾಗ ಮಾತ್ರ ಕೊಟ್ಟಿದೆ.

ಕೆಳಗಿನ ಪದರ ಹಾಗೇಕೆ ಮಾಡಿತು? ಬಹುತೇಕ ಸಲ ಕಾರಣ ನಮ್ಮದೇ ಜಾಣತನ. ಹೊಸ ಡಿಸ್ಕ್‌ಗೆ ಪಾರ್ಟಿಷನ್ ಮಾಡುವ ಬದಲು ಹಳೆಯ ಡಿಸ್ಕ್‌ನ ಪಾರ್ಟಿಷನ್ ಪಟ್ಟಿಯನ್ನು ಒಂದೇ ಸಾಲಿನ ಆಜ್ಞೆಯಲ್ಲಿ ಹೊಸದಕ್ಕೆ ನಕಲು ಹೊಡೆಯುವುದು ಎಲ್ಲರಿಗೂ ರೂಢಿ. ಸತ್ತ ಡಿಸ್ಕ್‌ಗೆ ಅದೇ ಗಾತ್ರದ್ದನ್ನು ತಂದಾಗ ಅದು ಸರಿಯಾದ ವಿಧಾನವೇ. ದೊಡ್ಡದನ್ನು ತಂದಾಗ ಅದೇ ನಕಲು 4 ಟಿಬಿ ಡಿಸ್ಕ್‌ನ ಮೇಲೆ 2 ಟಿಬಿ ಗೆರೆ ಎಳೆದು ಉಳಿದದ್ದನ್ನು ಬೀಳು ಬಿಡುತ್ತದೆ. ಅದರ ಮೇಲೆ ಆ ಪಟ್ಟಿ ಹಳೆಯ ಎಂಬಿಆರ್ ಬಗೆಯದಾಗಿದ್ದರೆ ಗೆರೆಯನ್ನು ಸರಿಸಲೂ ಬಾರದು. ಎಂಬಿಆರ್ ಸೆಕ್ಟರ್ ಎಣಿಸುವುದು 32 ಬಿಟ್‌ಗಳಲ್ಲಿ. 512 ಬೈಟ್‌ನ ಸೆಕ್ಟರ್‌ಗಳಲ್ಲಿ ಅದು ಸುಮಾರು 2.2 ಟಿಬಿಗೆ ಮುಗಿದುಹೋಗುತ್ತದೆ. ಹೊಸ ಬಗೆಯ ಪಟ್ಟಿಯಾದ ಜಿಪಿಟಿಗೆ ಬದಲಾಗದೆ ದಾರಿಯಿಲ್ಲ. ಇನ್ನೊಂದು ಸಣ್ಣ ತೊಡಕು: ಪಾರ್ಟಿಷನ್ನನ್ನು ಆಮೇಲೆ ಹಿಗ್ಗಿಸಿದರೂ ಸೂಪರ್‌ಬ್ಲಾಕ್‌ನಲ್ಲಿ ಬರೆದಿಟ್ಟದ್ದು ಹಳೆಯ ಅಳತೆಯೇ. ಅರೇಯನ್ನು ನಿಲ್ಲಿಸಿ, ಮತ್ತೆ ಜೋಡಿಸುವಾಗ 'ಡಿವೈಸ್‌ಸೈಜ್' ಹೊಸದಾಗಿ ಅಳೆದುಕೋ ಎಂದು ಹೇಳಬೇಕು.

ಅರೇ ತೀರ ಹಳೆಯದಾಗಿದ್ದರೆ ಮತ್ತೊಂದು ಗೋಡೆ ಇದೆ. ಸೂಪರ್‌ಬ್ಲಾಕ್‌ನ ಮೊದಲ ಆವೃತ್ತಿ 0.90. ಅದಕ್ಕೆ ಒಂದು ಅರೇಯಲ್ಲಿ 28 ಡಿಸ್ಕ್, ಒಂದೊಂದು ಡಿಸ್ಕ್‌ಗೆ 2 ಟಿಬಿ ಎಂಬ ಮಿತಿಯನ್ನು ಎಂಡಿಎಡಿಎಂ ಕೈಪಿಡಿಯೇ ಹೇಳುತ್ತದೆ. ಅದನ್ನು ರೂಪಿಸಿದ ಕಾಲದಲ್ಲಿ 2 ಟಿಬಿ ಡಿಸ್ಕ್ ಯಾರ ಕನಸಿನಲ್ಲೂ ಇರಲಿಲ್ಲ, ದೂರುವಂತಿಲ್ಲ. ಚೆಂದದ ಸಂಗತಿ ಎಂದರೆ, ಮಾಹಿತಿಯನ್ನು ಮುಟ್ಟದೆ 0.90 ಅನ್ನು 1.0 ಆಗಿ ಬದಲಿಸಬಹುದು, ಏಕೆಂದರೆ ಎರಡೂ ತಮ್ಮ ದಾಖಲೆಯನ್ನು ಬರೆದಿಡುವುದು ಡಿಸ್ಕ್‌ನ ಕೊನೆಯಲ್ಲಿ. ಈಗ ರೂಢಿಯಲ್ಲಿರುವ 1.2 ಬರೆಯುವುದು ಮೊದಲಿನಿಂದ 4096 ಬೈಟ್ ದಾಟಿದ ಮೇಲೆ. ಅಲ್ಲಿಗೆ ಹೋಗಬೇಕೆಂದರೆ ಮಾಹಿತಿಯನ್ನೇ ಸರಿಸಬೇಕಾಗುತ್ತದೆ. ಹತ್ತು ವರ್ಷದ ಹಿಂದೆ ಕಟ್ಟಿದ ವ್ಯವಸ್ಥೆಯನ್ನು ಒಡೆಯದೆ ಮುಂದಕ್ಕೆ ಕರೆದುಕೊಂಡು ಹೋಗುವ ಇಂಥ ಸಣ್ಣ ಸಣ್ಣ ಬಾಗಿಲುಗಳು ಈ ಸಾಧನದಲ್ಲಿ ಎಷ್ಟೋ ಇವೆ. ಯಾರೋ ಕೂತು ಯೋಚಿಸಿದ್ದಾರೆ.

ಜಾಗ ಸಿಗದಿರುವುದು ತಲೆನೋವು ಅಷ್ಟೆ. ಡಿಸ್ಕ್ ಹೊರಬೀಳುವುದು ಜ್ವರ ಬರಿಸುವಂಥದ್ದು. ಹೊಚ್ಚ ಹೊಸ ಡಿಸ್ಕ್, ತಂದು ವಾರವಾಗಿಲ್ಲ. ಅರೇ ಅದನ್ನು ಹೊರಹಾಕಿದೆ. ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಿದರೆ ಎಲ್ಲ ಸರಿ. ಮತ್ತೆ ಸೇರಿಸಿದರೆ ಮತ್ತೆ ಹೊರಗೆ. ಅಂಗಡಿಯವನು 'ಡಿಸ್ಕ್ ಚೆನ್ನಾಗಿದೆ ಸಾರ್' ಎನ್ನುತ್ತಾನೆ, ಅವನು ಹೇಳುವುದೂ ನಿಜ.

ಇದರ ಒಳಗೆ ನಡೆಯುವುದು ಕೈಗಡಿಯಾರಗಳ ಜಗಳ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಒಂಟಿಯಾಗಿ ಬದುಕಲು ತಯಾರಾದದ್ದು. ಒಂದು ಸೆಕ್ಟರ್ ಓದಲು ಬರದಿದ್ದರೆ ಬೇರೆ ಯಾರ ಬಳಿಯೂ ಆ ಮಾಹಿತಿ ಇಲ್ಲವೆಂದು ಭಾವಿಸಿ ಮತ್ತೆ ಮತ್ತೆ ಓದಲು ಹೆಣಗುತ್ತದೆ. ಎರಡು ನಿಮಿಷವಾದರೂ ಬಿಡದಿರಬಹುದು. ಅತ್ತ ಲಿನಕ್ಸ್ ಕರ್ನೆಲ್ ಒಂದು ಆಜ್ಞೆಗೆ ಉತ್ತರ ಬರಲೆಂದು ಕಾಯುವುದು 30 ಸೆಕೆಂಡ್. ಉತ್ತರ ಬರಲಿಲ್ಲವೆಂದರೆ ಸಂಪರ್ಕವನ್ನು ರೀಸೆಟ್ ಮಾಡುತ್ತದೆ. ಡಿಸ್ಕ್ ಆಗಲೂ ತನ್ನ ಹೆಣಗಾಟದಲ್ಲೇ ಇರುತ್ತದೆ. ಎಂಡಿಯ ನಡತೆ ಇಲ್ಲಿ ನಿಜಕ್ಕೂ ಸಜ್ಜನಿಕೆಯದು: ಓದಲಾಗದ ಸೆಕ್ಟರಿನ ಮಾಹಿತಿಯನ್ನು ಉಳಿದ ಡಿಸ್ಕ್‌ಗಳಿಂದ ಲೆಕ್ಕ ಹಾಕಿ, ಅದೇ ಜಾಗಕ್ಕೆ ಮತ್ತೆ ಬರೆಯಲು ನೋಡುತ್ತದೆ, ಆ ಬರವಣಿಗೆಯ ನೆಪದಲ್ಲಿ ಡಿಸ್ಕ್ ಆ ಸೆಕ್ಟರಿಗೆ ಬದಲಿ ಸೆಕ್ಟರ್ ಒದಗಿಸಿಕೊಳ್ಳಲಿ ಎಂದು. ಆದರೆ ಹೆಣಗುತ್ತಿರುವ ಡಿಸ್ಕ್ ಬರವಣಿಗೆಗೂ ಓಗೊಡುವುದಿಲ್ಲ. ಬರೆಯಲೂ ಆಗಲಿಲ್ಲವೆಂದರೆ ಎಂಡಿ ಅದನ್ನು ಕೆಟ್ಟದ್ದೆಂದು ತೀರ್ಮಾನಿಸಿ ಹೊರಹಾಕುತ್ತದೆ. ಒಂದು ಸೆಕ್ಟರಿಗಾಗಿ ಇಡೀ 4 ಟಿಬಿ ಮನೆಯಿಂದಾಚೆ.

ನ್ಯಾಸ್‌ಗೆಂದೇ ಮಾಡಿದ ಡಿಸ್ಕ್‌ಗಳು ಏಳು ಸೆಕೆಂಡ್ ಒದ್ದಾಡಿ ಸೋಲೊಪ್ಪಿಕೊಳ್ಳುತ್ತವೆ, ಉಳಿದ ಡಿಸ್ಕ್‌ಗಳ ಬಳಿ ಮಾಹಿತಿ ಇದೆಯೆಂಬ ನಂಬಿಕೆಯಿಂದ. ಕೆಲವು ಡೆಸ್ಕ್‌ಟಾಪ್ ಡಿಸ್ಕ್‌ಗಳಿಗೂ ಸ್ಮಾರ್ಟ್‌ಸಿಟಿಎಲ್ ಮೂಲಕ ಈ ಬುದ್ಧಿ ಹೇಳಬಹುದು; ಅಲ್ಲಿ 70 ಎಂದು ಕೊಡುವ ಸಂಖ್ಯೆ ಸೆಕೆಂಡಿನ ಹತ್ತನೇ ಒಂದು ಭಾಗಗಳ ಲೆಕ್ಕ. ಕರೆಂಟ್ ಹೋಗಿ ಬಂದರೆ ಡಿಸ್ಕ್ ಅದನ್ನು ಮರೆಯುತ್ತದೆ, ಆದ್ದರಿಂದ ಪ್ರತಿ ಬೂಟ್‌ನಲ್ಲೂ ನೆನಪಿಸಬೇಕು. ಮಾತು ಕೇಳದ ಡಿಸ್ಕ್ ಆದರೆ ಕರ್ನೆಲ್ಲಿನ ತಾಳ್ಮೆಯನ್ನೇ 30ರಿಂದ 180 ಸೆಕೆಂಡಿಗೆ ಏರಿಸುವುದು. ಎರಡು ಗಡಿಯಾರಗಳಲ್ಲಿ ಒಂದನ್ನು ತಿದ್ದಿದರೆ ಸಾಕು, 'ಕೆಟ್ಟುಹೋದ' ಡಿಸ್ಕ್ ವರ್ಷಗಟ್ಟಲೆ ದುಡಿಯುತ್ತದೆ. ಕಾರಣ ಗೊತ್ತಿಲ್ಲದವರು ಡಿಸ್ಕ್ ಮೇಲೆ ಡಿಸ್ಕ್ ಬದಲಿಸುತ್ತ ಹೋಗುತ್ತಾರೆ.

ಬೇರೆ ಕಾರಣಗಳೂ ಇವೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 199ನೆಯ ಅಂಶ ಏರುತ್ತಿದ್ದರೆ ಸಂಶಯ ಹೋಗಬೇಕಾದದ್ದು ಡಿಸ್ಕ್ ಕಡೆಗಲ್ಲ, ಕೇಬಲ್ ಕಡೆಗೆ. ಡಬ್ಬಿ ಬಿಚ್ಚಿ ಡಿಸ್ಕ್ ಬದಲಿಸುವಾಗ ಪಕ್ಕದ ಕೇಬಲ್ ಸಡಿಲವಾಗಿರುತ್ತದೆ. 197ನೆಯದು ಏರಿದ್ದರೆ ಓದಲಾಗದ ಸೆಕ್ಟರ್‌ಗಳು ಕಾದು ಕೂತಿವೆ ಎಂದರ್ಥ, ಅದು ನಿಜವಾದ ಎಚ್ಚರಿಕೆ. ಒಂದೇ ಪವರ್ ಕೇಬಲನ್ನು ಕವಲೊಡೆಸಿ ನಾಲ್ಕು ಡಿಸ್ಕ್‌ಗೆ ಹಂಚಿದ್ದರೆ ಎಲ್ಲ ಒಟ್ಟಿಗೆ ತಿರುಗಲು ಶುರುಮಾಡಿದಾಗ ಒಂದು ಬಳಲಿ ಬೀಳಬಹುದು.

ಮತ್ತೆ ಎಸ್‌ಎಂಆರ್. ಈ ಬಗೆಯ ಡಿಸ್ಕ್‌ಗಳಲ್ಲಿ ಬರವಣಿಗೆಯ ಪಥಗಳು ಒಂದರ ಅಂಚಿನ ಮೇಲೆ ಇನ್ನೊಂದು ಬರುತ್ತವೆ. ಜಾಗ ಹೆಚ್ಚು ಸಿಗುತ್ತದೆ, ಆದರೆ ನಡುವಿನ ಒಂದು ಪಥ ತಿದ್ದಬೇಕೆಂದರೆ ಅದರ ಮೇಲೆ ಹಾಸಿದ್ದನ್ನೆಲ್ಲ ಮತ್ತೆ ಬರೆಯಬೇಕು. ಅರೇ ಮರುಜೋಡಣೆ ನಡೆಯುವಾಗಲೇ ಕಚೇರಿಯ ಜನ ಕಡತಗಳನ್ನೂ ಉಳಿಸುತ್ತಿದ್ದರೆ ಇಂಥ ಡಿಸ್ಕ್‌ನ ವೇಗ ಪಾತಾಳಕ್ಕಿಳಿಯುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆ ನ್ಯಾಸ್‌ಗೆಂದು ಮಾರುತ್ತಿದ್ದ ತನ್ನ ರೆಡ್ ಮಾಲಿಕೆಯ 2ರಿಂದ 6 ಟಿಬಿವರೆಗಿನ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂದು ಒಪ್ಪಿಕೊಂಡಾಗ ದೊಡ್ಡ ಗದ್ದಲವಾಯಿತು. ಆಮೇಲೆ ಪಥಗಳು ಒಂದರ ಮೇಲೊಂದು ಬಾರದ ಹಳೆಯ ಬಗೆಯವನ್ನು, ಅಂದರೆ ಸಿಎಂಆರ್ ಡಿಸ್ಕ್‌ಗಳನ್ನು, ರೆಡ್ ಪ್ಲಸ್ ಎಂದು ಬೇರೆ ಮಾಡಿದರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಡಿಸ್ಕ್ ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ ಎಷ್ಟು ಟಿಬಿ ಎಂಬುದು. ಸಿಎಂಆರೋ ಎಸ್‌ಎಂಆರೋ ಎಂಬ ಎರಡನೆಯ ಪ್ರಶ್ನೆಯನ್ನು ಕೇಳಬೇಕಾದವರು ನಾವು.

ಇಷ್ಟೆಲ್ಲ ಆದಮೇಲೂ ಕೈಮೀರಿದ ದಿನ ಬರುತ್ತದೆ. ರೇಡ್ 5ರಲ್ಲಿ ಎರಡು ಡಿಸ್ಕ್ ಹೊರಗಿವೆ, ಅರೇ ನಿಂತಿದೆ. ಇಂಥ ಹೊತ್ತಿನಲ್ಲಿ ಫೋನ್ ಬಂದರೆ ನಾನು ಬಲ್ಲ ಒಬ್ಬ ಸಿಸ್ಟಮ್ ಅಡ್ಮಿನ್ ಹೇಳುವ ಮೊದಲ ಮಾತು ಒಂದೇ: 'ಏನೂ ಟೈಪ್ ಮಾಡಬೇಡಿ ಸಾರ್. ಪರದೆಯ ಫೋಟೋ ತೆಗೆದು ಕಳಿಸಿ, ಕೈ ಕಟ್ಟಿ ಕೂತಿರಿ, ಬಂದೆ.' ಬಂದವರು ಮಾಡುವ ಕೆಲಸ ನೋಡಲು ಸೊಗಸು. ನಾಲ್ಕೂ ಡಿಸ್ಕ್‌ಗಳ ಸೂಪರ್‌ಬ್ಲಾಕ್ ಓದಿ ನಾಲ್ಕು ಹಾಳೆಗಳಲ್ಲಿ ಮುದ್ರಿಸಿ ಮೇಜಿನ ಮೇಲೆ ಅಕ್ಕಪಕ್ಕ ಹರಡುತ್ತಾರೆ. ಪ್ರತಿ ಹಾಳೆಯ ತಲೆಯಲ್ಲಿ ಡಿಸ್ಕ್‌ನ ಸೀರಿಯಲ್ ಸಂಖ್ಯೆ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ಅವರು ನಂಬುವುದಿಲ್ಲ; ಬೂಟ್ ಆದಾಗ, ಕೇಬಲ್ ಬದಲಾದಾಗ ಅವು ಅದಲುಬದಲಾಗುತ್ತವೆ.

ನಾಲ್ಕು ಹಾಳೆಗಳೂ ಒಂದೇ ಕಥೆ ಹೇಳಬೇಕು. ಹೇಳುವುದಿಲ್ಲ, ಆ ಭಿನ್ನಾಭಿಪ್ರಾಯದಲ್ಲೇ ಉತ್ತರವಿದೆ. 'ಈವೆಂಟ್ಸ್' ಎಂಬ ಸಾಲಿನಲ್ಲಿ ಒಂದು ಎಣಿಕೆ ಇರುತ್ತದೆ. ಅರೇಯ ಸ್ಥಿತಿಯಲ್ಲಿ ಬದಲಾವಣೆಯಾದಾಗೆಲ್ಲ ಜೀವಂತವಿರುವ ಡಿಸ್ಕ್‌ಗಳಲ್ಲಿ ಅದು ಏರುತ್ತದೆ. ಎರಡು ಡಿಸ್ಕ್‌ಗಳಲ್ಲಿ ಅದು 48214, ಮೂರನೆಯದರಲ್ಲಿ 48210, ನಾಲ್ಕನೆಯದರಲ್ಲಿ 31077 ಎಂದಿದೆ ಎಂದುಕೊಳ್ಳಿ. ನಾಲ್ಕನೆಯದು ಹೊರಬಿದ್ದು ತಿಂಗಳುಗಳೇ ಆಗಿರಬಹುದು, ಯಾರೂ ಗಮನಿಸಿಲ್ಲ. ಮೂರನೆಯದು ಬಿದ್ದದ್ದು ಇವತ್ತು, ಅರೇ ನಿಲ್ಲುವ ಕ್ಷಣದಲ್ಲಿ. ನಾಲ್ಕು ಎಣಿಕೆಯಷ್ಟು ಹಿಂದಿರುವ ಆ ಡಿಸ್ಕ್‌ನಲ್ಲಿ ಇಲ್ಲದ್ದು ಕೊನೆಯ ಕೆಲವು ಬರಹಗಳು ಮಾತ್ರ.

ಇನ್ನೂ ಹತ್ತಿರದಿಂದ ನೋಡಬೇಕಾದ ಸಾಲು 'ಅರೇ ಸ್ಟೇಟ್'. ಜೀವಂತವಿರುವ ಡಿಸ್ಕ್‌ಗೆ ಎ ಅಕ್ಷರ, ಕಾಣೆಯಾದದ್ದಕ್ಕೆ ಚುಕ್ಕೆ. ಈಗಲೂ ಉಳಿದಿರುವ ಎರಡು ಡಿಸ್ಕ್‌ಗಳ ಹಾಳೆಯಲ್ಲಿ 'ಎಎ..' ಎಂದಿರುತ್ತದೆ. ಇವತ್ತು ಬಿದ್ದದ್ದರ ಹಾಳೆಯಲ್ಲಿ 'ಎಎಎ.' ಎಂದು, ತಿಂಗಳುಗಳ ಹಿಂದೆ ಬಿದ್ದದ್ದರ ಹಾಳೆಯಲ್ಲಿ 'ಎಎಎಎ' ಎಂದು. ಹೊರಬಿದ್ದ ಡಿಸ್ಕ್‌ಗೆ ತಾನು ಹೊರಬಿದ್ದದ್ದೇ ಗೊತ್ತಿಲ್ಲ, ಏಕೆಂದರೆ ಆ ಸುದ್ದಿಯನ್ನು ಅದರ ಮೇಲೆ ಬರೆಯಲು ಯಾರಿಗೂ ಆಗಲಿಲ್ಲ. ಮೊದಲು ಬಿದ್ದದ್ದರ ಲೆಕ್ಕದಲ್ಲಿ ನಾಲ್ವರೂ ಇನ್ನೂ ಒಟ್ಟಿಗಿದ್ದಾರೆ. ಯಾವುದು ಮೊದಲು ಬಿತ್ತು, ಯಾವುದು ಆಮೇಲೆ ಎಂಬುದನ್ನು ಈ ಚುಕ್ಕೆಗಳಿಂದಲೇ ಹೇಳಬಹುದು. ಪಕ್ಕದ 'ಅಪ್‌ಡೇಟ್ ಟೈಮ್' ಸಾಲು ದಿನ, ಗಂಟೆಯನ್ನೂ ಕೊಟ್ಟು ಅದನ್ನು ದೃಢಪಡಿಸುತ್ತದೆ. ನಾಲ್ಕು ತುಂಡು ಹೇಳಿಕೆಗಳಿಂದ ಇಡೀ ಕಥೆ ಪೂರ್ತಿಯಾಗುತ್ತದೆ. ಪತ್ತೇದಾರಿ ಕಾದಂಬರಿ ಓದುವವರಿಗೆ ಈ ಕಸುಬು ಹಿಡಿಸಬೇಕು.

ಇಷ್ಟು ತಿಳಿದ ಮೇಲೆ ಆಜ್ಞೆ ಸುಲಭ: ನಾಲ್ಕನೆಯದನ್ನು ಬಿಟ್ಟು ಉಳಿದ ಮೂರನ್ನು 'ಅಸೆಂಬಲ್', ಜೊತೆಗೆ 'ಫೋರ್ಸ್'. ನಾಲ್ಕು ಎಣಿಕೆ ಹಿಂದಿರುವುದನ್ನು ಎಂಡಿ ಒಪ್ಪಿಕೊಂಡು ಅರೇಯನ್ನು ಎಬ್ಬಿಸುತ್ತದೆ. ಆದರೂ ನುರಿತವರು ಅದನ್ನು ನೇರವಾಗಿ ಡಿಸ್ಕ್ ಮೇಲೆ ಮಾಡುವುದಿಲ್ಲ. ಪ್ರತಿ ಡಿಸ್ಕ್‌ನ ಮೇಲೆ ಡಿವೈಸ್ ಮ್ಯಾಪರ್‌ನ ಒಂದು ತೆಳುಪದರ ಹೊದಿಸುತ್ತಾರೆ. ಓದುವುದೆಲ್ಲ ಡಿಸ್ಕ್‌ನಿಂದ, ಬರೆಯುವುದೆಲ್ಲ ಬೇರೆಡೆ ಇಟ್ಟ ಒಂದು ಕಡತಕ್ಕೆ. ಅದರ ಮೇಲೆ ಅರೇ ಜೋಡಿಸಿ, ಫೈಲ್ ಸಿಸ್ಟಮ್ ಸರಿಯಿದೆಯೇ ನೋಡಿ, ಕಡತಗಳನ್ನು ತೆರೆದು ನೋಡಿ, ತಪ್ಪಾಗಿದ್ದರೆ ಪದರವನ್ನು ಎಸೆದು ಮತ್ತೆ ಮೊದಲಿನಿಂದ. ಡಿಸ್ಕ್‌ನ ಒಂದು ಬಿಟ್ ಕೂಡ ಕದಲಿರುವುದಿಲ್ಲ. ಡಿಸ್ಕ್ ನಿಜವಾಗಿಯೂ ಸಾಯುತ್ತಿದ್ದರೆ ಅದಕ್ಕೂ ಮೊದಲು ಡಿಡಿರೆಸ್ಕ್ಯೂನಿಂದ ಇನ್ನೊಂದು ಡಿಸ್ಕ್‌ಗೆ ನಕಲು. ಅದು ಸುಲಭವಾಗಿ ಬರುವುದನ್ನು ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳ ಪಟ್ಟಿ ಇಟ್ಟುಕೊಂಡು ಆಮೇಲೆ ಮರಳಿ ಬರುತ್ತದೆ.

ಇದಕ್ಕೆ ವಿರುದ್ಧವಾದ ದಾರಿ 'ಕ್ರಿಯೇಟ್'. ಗಾಬರಿಯಾದವರು ಅರೇಯನ್ನು ಹೊಸದಾಗಿ ಸೃಷ್ಟಿಸಿದರೆ ಹಳೆಯದು ಮರಳಿ ಬರುತ್ತದೆಂದು ಎಲ್ಲೋ ಓದಿರುತ್ತಾರೆ. ಎಂಡಿಎಡಿಎಂ ಆಗಲೂ ಕೇಳುತ್ತದೆ: ಈ ಡಿಸ್ಕ್ ಈಗಾಗಲೇ ಒಂದು ಅರೇಯ ಭಾಗದಂತೆ ಕಾಣುತ್ತಿದೆ, ಮುಂದುವರಿಯಲೇ? ವೈ ಒತ್ತಿದರೆ ಮುಗಿಯಿತು. ಹಳೆಯ ಸೂಪರ್‌ಬ್ಲಾಕ್‌ಗಳು, ಅಂದರೆ ಮೇಜಿನ ಮೇಲೆ ಹರಡಿ ಓದಬೇಕಾಗಿದ್ದ ಆ ನಾಲ್ಕು ಹಾಳೆಗಳು, ಅಳಿದುಹೋಗುತ್ತವೆ. ಅದಕ್ಕಿಂತ ಕೆಟ್ಟದ್ದು ಮುಂದೆ. ರೇಡ್ 5 ಹೊಸದಾಗಿ ಕಟ್ಟುವಾಗ ಎಂಡಿಎಡಿಎಂ ಕೊನೆಯ ಡಿಸ್ಕ್ ಖಾಲಿ ಎಂದುಕೊಂಡು ಉಳಿದವುಗಳಿಂದ ಲೆಕ್ಕ ಹಾಕಿ ಅದನ್ನು ತುಂಬುತ್ತದೆ. ತಿಂಗಳುಗಳ ಹಿಂದೆ ಬಿದ್ದ ಡಿಸ್ಕ್ ಆ ಉಳಿದವುಗಳಲ್ಲಿ ಸೇರಿದ್ದರೆ ತುಂಬುವುದರಲ್ಲಿ ಕಸ ಬೆರೆಯುತ್ತದೆ. ಡಿಸ್ಕ್‌ಗಳ ಕ್ರಮ ತಪ್ಪಿದ್ದರೆ ಅರೇಯಲ್ಲಿ ಕಾಣುವುದೆಲ್ಲ ಕಸ. ನಾಲ್ಕು ಡಿಸ್ಕ್‌ಗಳನ್ನು ಜೋಡಿಸಲು 24 ಕ್ರಮಗಳಿವೆ, ಸರಿಯಾದದ್ದು ಒಂದೇ. 'ಅಸ್ಯೂಮ್ ಕ್ಲೀನ್' ಎಂದು ಸೇರಿಸಿ ಆ ತುಂಬುವಿಕೆಯನ್ನು ತಡೆದರೂ ಇನ್ನೊಂದು ಬಲೆ ಉಂಟು. ಹಳೆಯ ಎಂಡಿಎಡಿಎಂ ಮಾಹಿತಿಯನ್ನು ಶುರು ಮಾಡುತ್ತಿದ್ದದ್ದು 2048ನೆಯ ಸೆಕ್ಟರಿನಿಂದ, ಅಂದರೆ 1 ಎಂಬಿ ದಾಟಿದ ಮೇಲೆ. ಆಮೇಲಿನವು ದೊಡ್ಡ ಡಿಸ್ಕ್‌ಗಳಲ್ಲಿ 262144ನೆಯ ಸೆಕ್ಟರಿನಿಂದ, 128 ಎಂಬಿ ದಾಟಿದ ಮೇಲೆ. ಹಳೆಯ ಅರೇಯನ್ನು ಹೊಸ ಸಾಧನದಿಂದ ಮರುಸೃಷ್ಟಿಸಿದರೆ ಎಲ್ಲವೂ 127 ಎಂಬಿ ಆಚೆಗೆ ಕಾಣುತ್ತದೆ, ಫೈಲ್ ಸಿಸ್ಟಮ್ ಇಲ್ಲವೇ ಇಲ್ಲ ಎನ್ನುತ್ತದೆ. ಒಂದು ಡಿಸ್ಕ್‌ಗೆ ಒಮ್ಮೆಗೆ ಬರೆಯುವ ತುಂಡಿನ, ಅಂದರೆ ಚಂಕ್‌ನ, ಗಾತ್ರವೂ ಹಿಂದೆ 64 ಕೆಬಿ ಇದ್ದದ್ದು 512 ಕೆಬಿ ಆಗಿದೆ. ಈ ಆಜ್ಞೆಯಿಂದಲೂ ಮಾಹಿತಿ ಉಳಿಸಿದವರಿದ್ದಾರೆ. ಅವರ ಬಳಿ ಹಳೆಯ 'ಎಕ್ಸಾಮಿನ್' ಹಾಳೆಗಳಿದ್ದವು.

ಬಿಡಿಸಲು ಎಲ್ಲಕ್ಕಿಂತ ಮೋಜಿನದು ಎಂದು ನನಗನ್ನಿಸುವ ಒಗಟು ಬೇರೆ. ಹೊಸ ಡಿಸ್ಕ್‌ಗಳಿಗೆ ಪಾರ್ಟಿಷನ್ ಮಾಡದೆ ಇಡೀ ಡಿಸ್ಕನ್ನೇ ಅರೇಗೆ ಕೊಟ್ಟಿದ್ದಾರೆ. ವಾರಗಟ್ಟಲೆ ಚೆನ್ನಾಗಿ ಓಡಿದೆ. ಒಂದು ದಿನ ರೀಬೂಟ್ ಮಾಡಿದರೆ ಸೂಪರ್‌ಬ್ಲಾಕೇ ಇಲ್ಲ! ಯಾರು ಅಳಿಸಿದರು? ಡಿಸ್ಕ್‌ನಲ್ಲಿ ಮೊದಲು ಎಂದೋ ಜಿಪಿಟಿ ಪಟ್ಟಿ ಇತ್ತು. ಜಿಪಿಟಿ ತನ್ನ ಒಂದು ಪ್ರತಿಯನ್ನು ಡಿಸ್ಕ್‌ನ ಮೊದಲಲ್ಲೂ ಇನ್ನೊಂದನ್ನು ಕೊನೆಯಲ್ಲೂ ಇಡುತ್ತದೆ. ಮೊದಲಿನದನ್ನು ಅಳಿಸಿದ್ದರು, ಕೊನೆಯದು ಉಳಿದಿತ್ತು. ಕೆಲವು ಮದರ್‌ಬೋರ್ಡ್‌ಗಳ ಫರ್ಮ್‌ವೇರ್ ಇದನ್ನು ಕಂಡು, ಪಾಪ ಪಟ್ಟಿ ಹಾಳಾಗಿದೆ ಎಂದು ಉಪಕಾರಕ್ಕೆ ಕೊನೆಯ ಪ್ರತಿಯಿಂದ ಮೊದಲಿನದನ್ನು ರಿಪೇರಿ ಮಾಡಿಬಿಡುತ್ತದೆ. ಜಿಪಿಟಿಯ ಪಟ್ಟಿ ಸಾಮಾನ್ಯವಾಗಿ 2ರಿಂದ 33ನೆಯ ಸೆಕ್ಟರಿನವರೆಗೆ. 1.2 ಸೂಪರ್‌ಬ್ಲಾಕ್ ಕೂತಿರುವುದು 8ನೆಯ ಸೆಕ್ಟರಿನಲ್ಲಿ. ಡಿಸ್ಕ್‌ಗೆ ಒಂದು ಪಾರ್ಟಿಷನ್ ಮಾಡಿ ಅದನ್ನು ಅರೇಗೆ ಕೊಡಿ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ.

ಬೂಟ್ ವಿಷಯ ಬೇಗ ಮುಗಿಸಬಹುದು. ಕನ್ನಡಿ ಜೋಡಿಯಾದ ರೇಡ್ 1ರಿಂದ ಬೂಟ್ ಆಗುವ ಯಂತ್ರದಲ್ಲಿ ಎಂಡಿ ನಕಲು ಮಾಡುವುದು ಅರೇಯನ್ನು ಮಾತ್ರ. ಬೂಟ್ ಲೋಡರ್ ಆದ ಗ್ರಬ್ ಕೂತಿರುವ ಜಾಗ ಅರೇಯ ಹೊರಗೆ. ಎರಡೂ ಹೊಸ ಡಿಸ್ಕ್‌ಗೆ ಅದನ್ನು ಬೇರೆಯಾಗಿ ಹಾಕದಿದ್ದರೆ ಕೊನೆಯ ಹಳೆಯ ಡಿಸ್ಕ್ ಬಿಚ್ಚಿದ ದಿನ ಕಪ್ಪು ಪರದೆ. ಎಂಡಿ0 ಇದ್ದ ಅರೇ ಏಕಾಏಕಿ ಎಂಡಿ127 ಎಂದು ಕಾಣಿಸಿಕೊಂಡರೆ ಅದು ಹಾಳಾಗಿಲ್ಲ. ಬೂಟ್ ಹೊತ್ತಿನ ಇನಿಟ್‌ರ್‍ಯಾಮ್‌ಎಫ್‌ಎಸ್ ಒಳಗಿನ ಸಂರಚನೆಯ ಕಡತದಲ್ಲಿ ಅದರ ಗುರುತಿಲ್ಲ, ಹೊರಗಿನದೆಂದು ತಿಳಿದು ಹಿಂದಿನಿಂದ ಎಣಿಸಿದ ಸಂಖ್ಯೆ ಕೊಟ್ಟಿದೆ ಅಷ್ಟೆ. ಅರೇಯ ಗುರುತಾದ ಯುಯುಐಡಿಯನ್ನು ಆ ಕಡತದಲ್ಲಿ ಬರೆದು ಇನಿಟ್‌ರ್‍ಯಾಮ್‌ಎಫ್‌ಎಸ್ ಮತ್ತೆ ಕಟ್ಟಿದರೆ ಹೆಸರು ಮರಳುತ್ತದೆ.

ಎಲ್ಲ ಸರಿಯಾಯಿತು, ಅರೇಯ ಸ್ಥಿತಿ ಹೇಳುವ ಎಂಡಿಸ್ಟ್ಯಾಟ್ ಡಿಸ್ಕ್‌ಗೆ ಒಂದರಂತೆ ನಾಲ್ಕು ಯು ತೋರಿಸುತ್ತಿದೆ ಎಂದ ಮೇಲೂ ಬಲ್ಲವರು ಎದ್ದು ಹೋಗುವುದಿಲ್ಲ. ಒಂದು ಪೂರ್ತಿ 'ಚೆಕ್' ಓಡಿಸುತ್ತಾರೆ. ಪ್ರತಿ ಸೆಕ್ಟರನ್ನೂ ಓದಿ ಪ್ಯಾರಿಟಿ ಹೊಂದುತ್ತದೆಯೇ ನೋಡುವ ಕೆಲಸ ಅದು. 4 ಟಿಬಿ ಡಿಸ್ಕ್ ಸೆಕೆಂಡಿಗೆ 150 ಎಂಬಿಯಂತೆ ಓದಿದರೂ ಏಳು ಗಂಟೆಯ ಮೇಲೆ ಹಿಡಿಯುತ್ತದೆ. ಡೆಬಿಯನ್‌ನಲ್ಲಿ ಇದು ತಿಂಗಳ ಮೊದಲ ಭಾನುವಾರ ತಾನಾಗಿ ನಡೆಯುವ ಏರ್ಪಾಡಿದೆ. ಹೊಸ ಡಿಸ್ಕ್‌ಗಳಿಗೆ ಮೊದಲ ಪರೀಕ್ಷೆಯನ್ನು ಆ ಭಾನುವಾರಕ್ಕೆ ಬಿಡಬಾರದು.

ಹಳೆಯ ಡಿಸ್ಕ್‌ಗಳನ್ನು ಬೀರುವಿನಲ್ಲಿಟ್ಟು ಬ್ಯಾಕಪ್ ಇದೆ ಎಂದು ನೆಮ್ಮದಿಯಾಗಿರುವವರಿಗೆ ಒಂದು ಮಾತು. ರೇಡ್ 1 ಆಗಿದ್ದರೆ ಬಿಚ್ಚಿದ ಪ್ರತಿ ಡಿಸ್ಕ್ ಅದನ್ನು ಬಿಚ್ಚಿದ ದಿನದ ಪೂರ್ತಿ ಪ್ರತಿ, ಸರಿ. ರೇಡ್ 5 ಆಗಿದ್ದು ನಡುವೆ ಕೆಲಸವೂ ನಡೆದಿದ್ದರೆ ಆ ನಾಲ್ಕು ಡಿಸ್ಕ್‌ಗಳು ನಾಲ್ಕು ಬೇರೆ ಬೇರೆ ದಿನಗಳವು. ಸೇರಿಸಿದರೆ ಲೆಕ್ಕ ಹೊಂದುವುದಿಲ್ಲ. ಬ್ಯಾಕಪ್ ಬೇರೆಯೇ ಬೇಕು. ಆ ಹಳೆಯ ಡಿಸ್ಕನ್ನು ಇನ್ನೆಲ್ಲಾದರೂ ಬಳಸುವುದಾದರೆ ಮೊದಲು, ಅದು ಯಾವ ಡಿಸ್ಕ್ ಎಂದು ಸೀರಿಯಲ್ ಸಂಖ್ಯೆಯನ್ನು ಎರಡು ಸಲ ನೋಡಿಕೊಂಡು, ಅದರ ಸೂಪರ್‌ಬ್ಲಾಕ್ ಅಳಿಸಬೇಕು. ಇಲ್ಲವಾದರೆ ಎಂದೋ ಒಂದು ದಿನ ಅದನ್ನು ಅದೇ ಸರ್ವರಿಗೆ ಚುಚ್ಚಿದಾಗ, ಒಂದೇ ಯುಯುಐಡಿ ಹೇಳಿಕೊಂಡು ಬಂದ ಈ ಹಳಬನನ್ನು ಏನು ಮಾಡುವುದೆಂದು ಎಂಡಿ ಕೂತು ಯೋಚಿಸಬೇಕಾಗುತ್ತದೆ.